ಅಪ್ಪ, ನಾನು ಮತ್ತು ಬಚ್ಚಲುಮನೆಯ ಹುಲಿ



ಕಳೆದ ತಿಂಗಳು ಒಂದು ಶನಿವಾರ ರಾತ್ರಿ. ಮಗಳು ಮಲಗಿದ್ದಳು. ಊರಿನಿಂದ ಬಂದಿರುವ ಅಪ್ಪ-ಅಮ್ಮನೂ ಮಲಗಿದ್ದಾರೆಂದುಕೊಂಡು ನಾನೂ ನನ್ನ ಹೆಂಡತಿಯೂ ‘ದಿ ಹ್ಯಾಂಗೋವರ್’ ಹಾಕಿಕೊಂಡು ಕುಳಿತೆವು. ಅರ್ಧ ಗಂಟೆಯೂ ಆಗಿರಲಿಲ್ಲ, ನೀರು ಕುಡಿಯಲು ಎದ್ದುಬಂದ ಅಪ್ಪ “ಯಾವ ಪಿಕ್ಚರೋ ಇದು?” ಎನ್ನುತ್ತಾ ಸೋಫಾದ ಮೇಲೆ ಕೂತೇಬಿಟ್ಟರು. ಇಂಥ ಹೊತ್ತಿನಲ್ಲಿ ರಿಮೋಟ್ ಎಲ್ಲಿ ಸಿಗುತ್ತದೆ ಹೇಳಿ?

ಟಾಡ್ ಫಿಲಿಪ್ಸ್ ನಿರ್ದೇಶನದ ಈ ಚಿತ್ರ 2009ರಲ್ಲಿ ಬಂದಾಗ ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಹಾಸ್ಟೆಲ್ಲಿನಲ್ಲಿ ಒಂದು ಲ್ಯಾಪ್‌ಟಾಪಿಗೆ ಎಂಟು ಜನ ಮುತ್ತಿಕೊಂಡು, ಪೋಲಿ ಮಾತು ಬಂದಾಗಲೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಈಗ ನೋಡಿದರೆ ನಗು ಬರುವುದೇ ಬೇರೆ ಕಾರಣಕ್ಕೆ.

ಮದುವೆಗೆ ಎರಡು ದಿನ ಇರುವಾಗ ಮದುಮಗನನ್ನು ಕರೆದುಕೊಂಡು ಮೂವರು ಲಾಸ್ ವೇಗಸ್‌ಗೆ ಹೋಗುತ್ತಾರೆ. ಬೆಳಿಗ್ಗೆ ಎದ್ದರೆ ಬಚ್ಚಲುಮನೆಯಲ್ಲಿ ಹುಲಿ, ಕಪಾಟಿನಲ್ಲಿ ಹಸುಗೂಸು, ದಂತವೈದ್ಯನ ಬಾಯಲ್ಲೇ ಒಂದು ಹಲ್ಲಿಲ್ಲ, ಮದುಮಗನೂ ಇಲ್ಲ! ರಾತ್ರಿ ಏನಾಯಿತೆಂದು ಒಬ್ಬರಿಗೂ ನೆನಪಿಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಸರ್ವರ್ ಬಿದ್ದಿದೆ, ಲಾಗ್ ಫೈಲೇ ಇಲ್ಲ. ಕೈಗೆ ಕಟ್ಟಿದ್ದ ಆಸ್ಪತ್ರೆಯ ಪಟ್ಟಿ, ಪಾರ್ಕಿಂಗ್‌ನವನು ತಂದು ನಿಲ್ಲಿಸಿದ ಪೊಲೀಸ್ ಕಾರು, ಹೀಗೆ ಒಂದೊಂದೇ ಸುಳಿವು ಹಿಡಿದು ಹಿಂದಕ್ಕೆ ಹೋಗಬೇಕು. ಮಾತು ಪೋಲಿ, ಆದರೆ ಒಳಗಿನ ಕಟ್ಟಡ ಅಪ್ಪಟ ಪತ್ತೇದಾರಿ ಕಥೆಯದು. ಸುಮಾರು ಮೂರೂವರೆ ಕೋಟಿ ಡಾಲರಿನ ಚಿತ್ರ ಜಗತ್ತಿನಾದ್ಯಂತ 46 ಕೋಟಿಗೂ ಹೆಚ್ಚು ಗಳಿಸಿದ್ದು, 2010ರಲ್ಲಿ ಗೋಲ್ಡನ್ ಗ್ಲೋಬ್ ಪಡೆದದ್ದು ಬರೀ ಪೋಲಿತನದಿಂದಲ್ಲ. ಅಂದಹಾಗೆ ಆ ಹಲ್ಲಿನ ಕಿಂಡಿ ನಿಜವಾದದ್ದು. ನಟ ಎಡ್ ಹೆಲ್ಮ್ಸ್ ತಮ್ಮ ಕೃತಕ ಹಲ್ಲನ್ನು ತೆಗೆಸಿಕೊಂಡೇ ನಟಿಸಿದ್ದರು.

ಎಲ್ಲವೂ ಚೆನ್ನಾಗಿದೆ ಎನ್ನಲಾರೆ. ಸಲಿಂಗಿಗಳ ಬಗ್ಗೆ, ಏಷ್ಯಾದವರ ಬಗ್ಗೆ ಇರುವ ಕೆಲವು ಜೋಕುಗಳಿಗೆ ಹಾಸ್ಟೆಲ್ಲಿನಲ್ಲಿ ನಕ್ಕಿದ್ದೆ, ಈ ಸಲ ನಗು ಬರಲಿಲ್ಲ. ಪರದೇಶದಲ್ಲಿ ನಾವೂ ಅಂಥ ಜೋಕಿಗೆ ಗುರಿಯಾಗುವವರೇ ತಾನೆ?

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಅಮೆರಿಕದಲ್ಲಿ 1968ರಿಂದ ಇರುವ ರೇಟಿಂಗ್ ಪದ್ಧತಿಯಲ್ಲಿ ಇದು ‘ಆರ್’. ಅಂದರೆ 17 ತುಂಬದವರೂ ತಂದೆ-ತಾಯಿಯೋ ಹೊಣೆ ಹೊತ್ತ ದೊಡ್ಡವರೋ ಜೊತೆಗಿದ್ದರೆ ಥಿಯೇಟರಿಗೆ ಹೋಗಬಹುದು. ಭಾರತದ ‘ಎ’ ಹಾಗಲ್ಲ, 18 ಆಗದವರಿಗೆ ಯಾರು ಜೊತೆಗಿದ್ದರೂ ಪ್ರವೇಶವಿಲ್ಲ. ಅಲ್ಲಿ ಬಾಗಿಲು ಕಾಯುವವನು ಥಿಯೇಟರಿನವನು, ಇಲ್ಲಿ ನಾವೇ. ‘ಆರ್’ ಪಕ್ಕದಲ್ಲಿ ಕಾರಣವನ್ನೂ ಬರೆದಿರುತ್ತಾರೆ. ಈ ಚಿತ್ರಕ್ಕೆ ಉದ್ದಕ್ಕೂ ಕೆಟ್ಟ ಭಾಷೆ, ನಗ್ನತೆ, ಮಾದಕವಸ್ತು ಎಂದಿದೆ. ಆ ಸಾಲನ್ನು ಓದಿಯೇ ನಿರ್ಧರಿಸಿ.

ಇನ್ನು ಅಪ್ಪನ ಕಥೆ. (ಚಿತ್ರ ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ!) ಮುಜುಗರದ ದೃಶ್ಯ ಬಂದಾಗಲೆಲ್ಲ ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಿದ್ದರು. ಹುಲಿ ಕಂಡಾಗ ಮಾತ್ರ ಜೋರಾಗಿ ನಕ್ಕರು. ಹೋಟೆಲಿನ ಹೊರಗಿನ ವಿಗ್ರಹಕ್ಕೆ ಹಾಸಿಗೆಯೊಂದು ಸಿಕ್ಕಿಕೊಂಡಿರುವ ದೃಶ್ಯ ಬಂತು. “ಹೋದ ವರ್ಷ ನಾವು ವೇಗಸ್‌ಗೆ ಹೋದಾಗ ರೂಮಿನ ಕಿಟಕಿ ತೆಗೆಯೋಕೇ ಬರ್ತಿರಲಿಲ್ಲ. ಮತ್ತೆ ಹಾಸಿಗೆ ಹೊರಗೆ ಹೇಗೆ ಬಿತ್ತು? ಮಾಳಿಗೆಯಿಂದಲೇ ಬಿದ್ದಿರಬೇಕು. ಹುಡುಗ ಅಲ್ಲೇ ಇದಾನೆ ನೋಡು” ಎಂದರು. ಅದನ್ನು ಕಂಡುಹಿಡಿಯಲು ಚಿತ್ರದ ನಾಯಕರಿಗೆ ಇನ್ನೂ ಒಂದು ಗಂಟೆ ಬೇಕಾಯಿತು!

ಮರುದಿನ ಕಾಫಿ ಕುಡಿಯುತ್ತಾ ಅಪ್ಪ ಮೆಲ್ಲಗೆ ಬಾಯಿಬಿಟ್ಟರು. 1984ರಲ್ಲಿ ಕಾಶೀನಾಥರ ‘ಅನುಭವ’ಕ್ಕೆ ಹೋದಾಗ ಅಜ್ಜನಿಗೆ ಕ್ರಿಕೆಟ್ ಮ್ಯಾಚ್ ಎಂದು ಸುಳ್ಳು ಹೇಳಿದ್ದರಂತೆ. ಅಜ್ಜ ತೀರಿಕೊಳ್ಳುವವರೆಗೂ ನಿಜ ಹೇಳಲಿಲ್ಲವಂತೆ. ಅಜ್ಜನ ಎದುರು ಅಪ್ಪ ಜೋರಾಗಿ ನಕ್ಕಿದ್ದನ್ನು ನಾನಂತೂ ಕಂಡಿಲ್ಲ. ನನ್ನ ಪಕ್ಕದಲ್ಲಿ ಕೂತು ಸಿನಿಮಾ ನೋಡಿ ಅವರು ಹಾಗೆ ನಕ್ಕಿದ್ದೂ ಇದೇ ಮೊದಲು.

ಮಗಳಿಗೆ ಈಗ ಒಂಬತ್ತು. ಅವಳಿಗೆ 17 ತುಂಬಿದ ಮೇಲೆ, ಕೇಳಿದರೆ ಬೇಡ ಎನ್ನುವುದಿಲ್ಲ, ಜೊತೆಗೆ ಕೂತೇ ನೋಡುತ್ತೇನೆ. ಆಗ ಒರೆಸಿಕೊಳ್ಳಲು ನನಗೂ ಒಂದು ಕನ್ನಡಕ ಬೇಕಾದೀತು. ಏನಂತೀರಿ?