ಕರಿಯ ಕಂಬಳಿಯ ಕುರಿ: ಬಣ್ಣಕ್ಕಾಗಿ ನಡೆದ ತಳಿಯ ಆಯ್ಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಕಂಬಳಿಯೆಂದರೆ ಕರಿಯ ಕಂಬಳಿಯೆಂದೇ ರೂಢಿ. ಬಣ್ಣದ ಬಾನಿಯನ್ನು ಕಾಣದ ಆ ಕಪ್ಪು ಕುರಿಯ ಮೈಮೇಲೆಯೇ ಹುಟ್ಟಿದುದು. ಆದಕಾರಣ ಅದನ್ನು ನಿಸರ್ಗದ ಕೊಡುಗೆಯೆಂದು ಭಾವಿಸುವವರೇ ಹೆಚ್ಚು. ಈ ಭಾವನೆ ಅರ್ಧ ಮಾತ್ರ ಸರಿ. ಸಾಕುಕುರಿಗೆ ಮೂಲವೆನಿಸಿದ ಪಶ್ಚಿಮ ಏಷ್ಯದ ಕಾಡುಕುರಿ ಕಂದು ಮೈಯ, ಬಿಳಿ ಹೊಟ್ಟೆಯ ಪ್ರಾಣಿ. ಮೈಯೆಲ್ಲ ಕಪ್ಪಾದ ಕುರಿ ಆಕಸ್ಮಿಕ ಮಾರ್ಪಾಟಿನಿಂದ ಹುಟ್ಟಿರಬಹುದು. ಆದರೆ ಅದು ಹಿಂಡುಗಳಲ್ಲಿ ನೆಲೆಯೂರಿದುದು ಮನುಷ್ಯನ ಆಯ್ಕೆಯಿಂದ. ಈ ಲೇಖನದಲ್ಲಿ ಆ ಆಯ್ಕೆಯನ್ನು ಇತಿಹಾಸದ ಒಂದು ಸಂಗತಿಯಾಗಿ ಪರಿಶೀಲಿಸಲಾಗಿದೆ.

ನಮ್ಮ ನಾಡಿನಲ್ಲಿ ದನಗಳ ತಳಿಗೆ ಲಿಖಿತ ಇತಿಹಾಸವುಂಟು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಅದರ ಆಡಳಿತಕ್ಕೆ ಹುಕುಂನಾಮೆಯೂ ಹೊರಟಿತು. ಆ ದನಗಳ ಒಂದು ಬಗೆಗೆ ಚಿತ್ರದುರ್ಗದ ಹೆಸರೇ ಇದ್ದಿತು. ಯುದ್ಧದ ಸಾಮಗ್ರಿಯನ್ನೆಳೆಯುವ ಎತ್ತಿನ ಮೇಲೆ ಅರಮನೆಯ ಕಣ್ಣಿದ್ದುದು ಸಹಜವೇ. ಕುರಿಗೆ ಅಂಥ ಭಾಗ್ಯವಿರಲಿಲ್ಲ. 1801ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಮೈಸೂರು ದೇಶದ ಕುರುಬರನ್ನೂ ಅವರ ಕುರಿ ಕಂಬಳಿಗಳನ್ನೂ ಕುರಿತು ಬರೆದನು. 1807ರಲ್ಲಿ ಅವನ ಗ್ರಂಥ ಅಚ್ಚಾಯಿತು. ಆದರೆ ಯಾವ ಟಗರನ್ನು ಉಳಿಸಿಕೊಳ್ಳಬೇಕು, ಯಾವುದರ ಬೀಜ ಒಡೆಯಬೇಕು ಎಂಬ ತೀರ್ಮಾನಗಳು ಹಟ್ಟಿಯಲ್ಲಿ ಬಾಯಿಮಾತಿನಲ್ಲೇ ನಡೆದವು. ಅವುಗಳಿಗೆ ಉಳಿದಿರುವ ದಾಖಲೆಯೆಂದರೆ ಕುರಿಯ ತುಪ್ಪಟವೇ.

ಈ ಆಯ್ಕೆಯ ಕೀಲಿರುವುದು ಟಗರಿನಲ್ಲಿ. ಹತ್ತಾರು ಹೆಣ್ಣುಕುರಿಗಳಿಗೆ ಒಂದೇ ಟಗರು ಸಾಕಾಗುವುದರಿಂದ ಅದರ ಬಣ್ಣ ಇಡೀ ಹಿಂಡಿನ ಮೇಲೆ ಬೇಗನೆ ಹರಡುತ್ತದೆ. ಆದರೆ ಕಣ್ಣಿಗೆ ಕಾಣುವ ಬಣ್ಣವೊಂದನ್ನೇ ನಂಬಿದವನು ಮೋಸಹೋಗುವನು. ಏಕೆಂದರೆ ಕುರಿಯ ಕಪ್ಪಿನಲ್ಲಿ ಎರಡು ಬಗೆಗಳುಂಟು. ಮೊದಲನೆಯದು ದುರ್ಬಲವಾದ ಕಪ್ಪು. ಬಿಳುಪಿನ ಘಟಕವೊಂದಿದ್ದರೂ ಅದು ಮರೆಯಾಗುತ್ತದೆ. ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ಮೈಮೇಲೆ ತೋರುತ್ತದೆ. ಇಂಥ ಕರಿಯ ಕುರಿಗೆ ಅಪ್ಪಟ ಬಿಳಿಯ ಟಗರನ್ನು ಕೂಡಿಸಿದರೆ ಮರಿಗಳೆಲ್ಲ ಬಿಳಿ. ಆ ಮರಿಗಳು ತಮ್ಮೊಳಗೇ ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಕಪ್ಪು. ಎರಡನೆಯದು ಪ್ರಬಲವಾದ ಕಪ್ಪು. ಒಂದೇ ಘಟಕವಿದ್ದರೂ ಮೈಯನ್ನು ಕಪ್ಪಾಗಿಸುತ್ತದೆ. ಇದಕ್ಕೆ ಕಾರಣವಾದ ಜೀನಿನ ಮಾರ್ಪಾಟನ್ನು 1999ರಲ್ಲಿ ನಾರ್ವೆಯ ಕುರಿಗಳಲ್ಲಿ ಗುರುತಿಸಲಾಯಿತು. ಮೊದಲನೆಯ ಬಗೆಯಲ್ಲಿ ಕರಿಯದಕ್ಕೆ ಕರಿಯದು ಕೂಡಿದರೆ ಬಿಳಿಯ ಮರಿ ಹುಟ್ಟಲಾರದು, ಎರಡನೆಯದರಲ್ಲಿ ಹುಟ್ಟಬಹುದು. ಆದುದರಿಂದ ಟಗರನ್ನು ಅದರ ಮೈಯಿಂದಲ್ಲ, ಅದರ ಮರಿಗಳಿಂದ ಅಳೆಯಬೇಕು. ಹಿಂಡಿನಲ್ಲಿ ಯಾವ ಮರಿ ಯಾವ ತಾಯಿಯದೆಂದು ಬಲ್ಲ ಕುರಿಗಾಹಿಗೆ ಈ ಲೆಕ್ಕ ಮೆಂಡಲನ ಹೆಸರಿಲ್ಲದೆಯೂ ಸಾಧ್ಯವಾದುದೇ.

ಮೆರಿನೋ ಸಾಕುವವರ ಪಾಡು ಇದಕ್ಕೆ ನೇರ ತಿರುಗುಮುರುಗು. ಕಪ್ಪು ಎಳೆ ಸೇರಿದ ಉಣ್ಣೆಗೆ ತಿಳಿಬಣ್ಣ ಕಟ್ಟಲಾಗದು. ಆದಕಾರಣ ಅವರು ಕರಿಯ ಮರಿಯನ್ನು ಹಿಂಡಿನಿಂದ ತೆಗೆದುಹಾಕುತ್ತಲೇ ಬಂದಿದ್ದಾರೆ. ಆದರೂ ದುರ್ಬಲ ಘಟಕ ಬಿಳಿಯ ಮೈಯೊಳಗೆ ಅಡಗಿ ಕುಳಿತು ತಲೆಮಾರುಗಳ ಮೇಲೆ ಮತ್ತೆ ತಲೆಯೆತ್ತುತ್ತದೆ. ಇಲ್ಲಿ ಸಿರಿಯಾದುದು ಅಲ್ಲಿ ಕಳಂಕ.

ಬಣ್ಣವನ್ನೇ ಬೆನ್ನಟ್ಟಿದ ತಳಿಗಾರಿಕೆ ಎಲ್ಲೆಡೆಯೂ ನಿರಪಾಯವಾಗಿ ನಡೆದಿಲ್ಲ. ಮಧ್ಯ ಏಷ್ಯದ ಕರಾಕುಲ್ ಕುರಿಯಲ್ಲಿ ಬೂದುಬಣ್ಣದ ಮರಿಯ ಚರ್ಮಕ್ಕೆ ಹೆಚ್ಚು ಬೆಲೆಯಿದ್ದಿತು. ಆದರೆ ಆ ಬಣ್ಣದ ಘಟಕ ತಂದೆತಾಯಿಗಳಿಬ್ಬರಿಂದಲೂ ಬಂದ ಮರಿಗಳು ಎಳವೆಯಲ್ಲೇ ಸಾಯುತ್ತವೆ. ವಿದೇಶಗಳಲ್ಲಿ ಹವ್ಯಾಸಿಗಳು ವಿಚಿತ್ರ ವರ್ಣಗಳಿಗಾಗಿ ಬೆಳೆಸುವ ಚಿರತೆಹಲ್ಲಿಯಲ್ಲಿಯೂ ‘ಲೆಮನ್ ಫ್ರಾಸ್ಟ್’ ಎಂಬ ಹಳದಿ ಬಗೆಗೆ ಚರ್ಮದ ಗಡ್ಡೆಗಳು ಅಂಟಿಬಂದುದನ್ನು 2021ರ ಸಂಶೋಧನೆಯೊಂದು ವಿವರಿಸಿದೆ. ಕರಿಯ ಕುರಿಯ ಬಣ್ಣಕ್ಕೆ ಅಂಥ ಮಾರಕ ದೋಷ ಅಂಟಿಲ್ಲ.

ಕಪ್ಪನ್ನೇ ಏಕೆ ಆರಿಸಿದರು? ಮೈಲಾರನ ಗೊರವರ ಕರಿಯ ಕಂಬಳಿಯನ್ನೂ, ಪೂಜೆಯಲ್ಲಿ ಹಾಸುವ ಕಂಬಳಿಯ ಗದ್ದುಗೆಯನ್ನೂ ಕೆಲವರು ಕಾರಣವಾಗಿ ಹೇಳುವರು. ನನಗೆ ತೋರುವಂತೆ ಮೊದಲು ಬಂದುದು ಮಿತವ್ಯಯ, ಬಳಿಕ ಆಚಾರ. ಕರಿಯ ಉಣ್ಣೆಗೆ ನೀಲಿಯ ಖರ್ಚಿಲ್ಲ, ಬಣ್ಣಗಾರನ ಹಂಗಿಲ್ಲ. ಮಳೆಯಲ್ಲಿ ಬಣ್ಣ ಬಿಡುವುದಿಲ್ಲ, ಅಡವಿಯ ಧೂಳು ಎದ್ದು ಕಾಣುವುದಿಲ್ಲ. ಹೆಂಗಸರು ನೂತ ನೂಲನ್ನು ಗುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿಯಿಂದ ಗಟ್ಟಿಮಾಡುವ ಈ ಉದ್ಯಮ ಹೊರಗಿನಿಂದ ಹೆಚ್ಚೇನನ್ನೂ ಕೊಳ್ಳಬೇಕಾಗಿರಲಿಲ್ಲ. ಕಂಬಳಿಗೆ ಹೆಸರಾದ ಚಳ್ಳಕೆರೆಯ ವ್ಯಾಪಾರ ನಿಂತುದು ಇದರ ಮೇಲೆಯೇ.

ಸರ್ಕಾರದ ದೃಷ್ಟಿ ಮಾತ್ರ ಬಹುಕಾಲದಿಂದ ಬಿಳುಪಿನ ಕಡೆಗೆ. ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ (1834–61) ಆಸ್ಟ್ರೇಲಿಯದಿಂದ ಮೆರಿನೋ ಟಗರುಗಳನ್ನು ಮೈಸೂರಿಗೆ ತರಿಸಲಾಯಿತು. ನಯವಾದ ಬಿಳಿಯ ಉಣ್ಣೆಯೇ ‘ಸುಧಾರಣೆ’ ಎಂಬ ಅಳತೆಗೋಲು ಗಿರಣಿಗೆ ಒಪ್ಪಿತು, ಗುಣಿಮಗ್ಗಕ್ಕಲ್ಲ. ಒರಟು ಎಳೆಯಿಲ್ಲದೆ ಕಂಬಳಿ ಮಳೆಗೆ ತಡೆಯದು. ಇಂದಿನ ಒತ್ತಡ ಬೇರೆ. ಕುರಿಯ ಆದಾಯ ಮಾಂಸದಿಂದ ಬರುತ್ತದೆ. ಉಣ್ಣೆಗೆ ಕತ್ತರಿಸುವ ಕೂಲಿಯೂ ಹುಟ್ಟದ ಕಡೆ ಸಾಕುವವನು ಬೇಗ ತೂಕ ಬರುವ, ಉಣ್ಣೆಯಿಲ್ಲದ ತಳಿಯ ಟಗರನ್ನು ತರುವನು. ಇದಕ್ಕಾಗಿ ಅವನನ್ನು ದೂರುವುದು ಅನ್ಯಾಯ. ಆದರೆ ಬಿಳಿಯ ಸಂಕರದಲ್ಲಿ ಅಡಗಿದ ಕಪ್ಪು ಮರಳಿ ಬರಬಹುದು. ಉಣ್ಣೆಯಿಲ್ಲದ ಟಗರನ್ನೇ ತಲೆಮಾರಿನ ಮೇಲೆ ತಲೆಮಾರು ಬಿಟ್ಟ ಹಿಂಡಿನಲ್ಲಿ ಕರಿಯ ಮರಿ ಹುಟ್ಟಿದರೂ ಕಂಬಳಿಗೆ ನೂಲು ದೊರೆಯುವುದಿಲ್ಲ.

ಸಂಶೋಧಕ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಹಳೆಯ ಮನೆಗಳ ಅಟ್ಟದಲ್ಲಿ ದೊರೆಯುವ ಕಂಬಳಿಗಳ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹುಟ್ಟುಗಪ್ಪಿನಲ್ಲಿ ವರ್ಣದ ಕಣಗಳು ಎಳೆಯೊಳಗೆ ಬಿಡಿಬಿಡಿಯಾಗಿ ಕಾಣುತ್ತವೆ. ಬಣ್ಣ ಹಾಕಿದ ಬಿಳಿಯ ಉಣ್ಣೆಯಲ್ಲಿ ಅವು ಇರುವುದಿಲ್ಲ. ಒಂದೊಂದು ಕಂಬಳಿಯ ಕಾಲವನ್ನೂ ಊರನ್ನೂ ಮನೆಯವರಿಂದ ಕೇಳಿ ಬರೆದುಕೊಂಡರೆ, ಯಾವ ಊರಿನ ಹಿಂಡಿನಲ್ಲಿ ಕಪ್ಪು ಎಂದು ತೆಳುವಾಯಿತೆಂಬುದನ್ನು ಗುರುತಿಸತೊಡಗಬಹುದು.