ಅಜ್ಜಿಯ ಹಸೆ ಹಾಡು ಮತ್ತು ಕೈಕೊಟ್ಟ ಹಾರ್ಡ್ ಡಿಸ್ಕ್



ಊರಿಗೆ ಹೋಗಿ ಬಂದಾಗಲೆಲ್ಲ ಫೋನಿನಲ್ಲಿ ತುಂಬಿಕೊಂಡು ಬಂದ ಫೋಟೋ, ವಿಡಿಯೋಗಳನ್ನು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಸುರಿದು, ಅದನ್ನು ಕಪಾಟಿನಲ್ಲಿಟ್ಟು ಮರೆತುಬಿಡುವುದು ಇಲ್ಲಿ ಅಮೆರಿಕದಲ್ಲಿರುವ ನಮ್ಮಂಥ ಬಹಳ ಮನೆಗಳ ಪದ್ಧತಿ. ನಮ್ಮ ಮನೆಯದು 1 ಟೆರಾಬೈಟಿನ ಡಿಸ್ಕು. ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ 2016ರಲ್ಲಿ ನಡೆದ ಮದುವೆಯೊಂದರ ವಿಡಿಯೋಗಳು ಅದರಲ್ಲಿದ್ದವು. ಹುಡುಗಿಯನ್ನು ಹಸೆಗೆ ಕರೆಯುವಾಗ ಅಜ್ಜಿ ಹಾಡಿದ ಹಾಡುಗಳೂ ಅಲ್ಲೇ ಇದ್ದವು. ಅಜ್ಜಿ 2019ರಲ್ಲಿ ತೀರಿಕೊಂಡರು. ಅವರ ದನಿ ಬೇರೆಲ್ಲೂ ಇರಲಿಲ್ಲ.

2024ರ ಡಿಸೆಂಬರ್ ರಜೆಯಲ್ಲಿ ಆ ಡಿಸ್ಕಿಗೆ ಹೊಸ ಫೋಟೋಗಳನ್ನು ಹಾಕುತ್ತಿದ್ದಾಗ ಮಗ ಆಟದ ಭರದಲ್ಲಿ ಕೇಬಲ್ ಎಡವಿದ. ಕೇಬಲ್ ಕಿತ್ತು ಬಂತು. ಮತ್ತೆ ಸಿಕ್ಕಿಸಿದರೆ, ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ವಿಂಡೋಸ್ ಬಹಳ ವಿನಯದಿಂದ ಕೇಳಿತು. ನಮ್ಮಿಬ್ಬರದೂ ಸಾಫ್ಟ್‌ವೇರ್ ಕೆಲಸ. ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿ ಪತ್ರ ಗೋಡೆಯ ಮೇಲಿದೆ. ಬ್ಯಾಕಪ್ ಮಾತ್ರ ಇರಲಿಲ್ಲ!

ಈ ಪ್ರಶ್ನೆಗೆ "ಬೇಡ" ಅನ್ನುವುದೇ ಸರಿಯಾದ ಉತ್ತರ. ಯಾಕೆಂದು ಹೇಳುತ್ತೇವೆ.

ಮೊದಲ ಪುಟ ಮತ್ತು ಪರಿವಿಡಿ ಹರಿದುಹೋದ ಹಳೆಯ ದಪ್ಪ ಪುಸ್ತಕವೊಂದನ್ನು ನೆನೆಸಿಕೊಳ್ಳಿ. ಒಳಗಿನ ಪುಟಗಳೆಲ್ಲ ಇವೆ, ಆದರೆ ಯಾವ ಅಧ್ಯಾಯ ಎಲ್ಲಿದೆಯೆಂದು ಹೇಳುವವರಿಲ್ಲ. ಡಿಸ್ಕಿನಲ್ಲೂ ಹೀಗೆಯೇ. ಎನ್‌ಟಿಎಫ್‌ಎಸ್ ವಿಧಾನದ ಡಿಸ್ಕಿನಲ್ಲಿ ಬೂಟ್ ಸೆಕ್ಟರ್ ಎಂಬ ಮೊದಲ ಪುಟವಿರುತ್ತದೆ. ಮಾಸ್ಟರ್ ಫೈಲ್ ಟೇಬಲ್ ಎಂಬ ಪರಿವಿಡಿ ಎಲ್ಲಿದೆಯೆಂದು ಅದು ತಿಳಿಸುತ್ತದೆ. ಮೊದಲ ಪುಟ ಕೆಟ್ಟರೆ ವಿಂಡೋಸಿಗೆ ಇಡೀ ಪುಸ್ತಕವೇ ಖಾಲಿಯಾಗಿ ಕಾಣುತ್ತದೆ. ಆಗ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹಳೆಯ ಪರಿವಿಡಿಯ ಜಾಗದಲ್ಲಿ ಹೊಸ, ಖಾಲಿ ಪರಿವಿಡಿ ಬಂದು ಕೂರುತ್ತದೆ. ಪೂರ್ಣ ಫಾರ್ಮ್ಯಾಟ್ ಆದರೆ, ವಿಂಡೋಸ್ ವಿಸ್ತಾದಿಂದ ಈಚೆಗೆ, ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನೇ ಬರೆಯುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ಬಹಳ ಜನ ಎರಡನೆಯದಾಗಿ ಮಾಡುವುದು ಚೆಕ್‌ಡಿಸ್ಕ್ ಓಡಿಸುವುದು. ಅದರ ಉದ್ದೇಶ ಡಿಸ್ಕಿನ ಲೆಕ್ಕ ಸರಿಮಾಡುವುದು, ನಿಮ್ಮ ಫೋಟೋ ಉಳಿಸುವುದಲ್ಲ. ಲೆಕ್ಕ ಕೂಡದಿದ್ದರೆ ತುಂಡುಗಳನ್ನು ಬೇರೆ ಹೆಸರಿನ ಫೈಲುಗಳಾಗಿ ಒಂದು ಮೂಲೆಗೆ ತಳ್ಳುತ್ತದೆ, ಅದೂ ಮೂಲ ಡಿಸ್ಕಿನ ಮೇಲೆಯೇ. ಡೇಟಾ ಮುಖ್ಯವಾದರೆ ಇದು ಈಗ ಬೇಡ.

ಹಾಗಾದರೆ ಮಾಡುವುದೇನು? ಮೊದಲು ಡಿಸ್ಕಿಗೆ ಕಿವಿಗೊಡಿ. ಟಿಕ್ ಟಿಕ್ ಎಂದು ಒಂದೇ ಸಮನೆ ಬಡಿಯುತ್ತಿದ್ದರೆ, ಕರಕರ ಎನ್ನುತ್ತಿದ್ದರೆ, ತಕ್ಷಣ ಕೇಬಲ್ ತೆಗೆದಿಡಿ. ಒಳಗೆ ಓದುವ ಹೆಡ್ಡು ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಧೂಳಿನ ಕಣವೂ ಅದಕ್ಕೆ ಬೆಟ್ಟವೇ. ಓಡಿಸಿದಷ್ಟೂ ತಟ್ಟೆ ಗೀರಿ ಹಾಳಾಗಬಹುದು. ಮನೆಯಲ್ಲಿ ಬಿಚ್ಚಬೇಡಿ. ಫ್ರೀಜರಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿಯೇ ಹೇಳುತ್ತಾರೆ. ತಣ್ಣಗಾದ ಡಿಸ್ಕಿನ ಮೇಲೆ ನೀರು ಹನಿಗಟ್ಟುತ್ತದೆ, ಅಷ್ಟೆ. ಇಂಥದ್ದು ಕ್ಲೀನ್ ರೂಮ್ ಇರುವ ರಿಕವರಿ ಲ್ಯಾಬಿನ ಕೆಲಸ. ಖರ್ಚು ಸಾವಿರ ಡಾಲರ್ ದಾಟಬಹುದು, ಮೊದಲೇ ಕೇಳಿಕೊಳ್ಳಿ.

ನಮ್ಮ ಡಿಸ್ಕ್ ಮೆತ್ತಗೆ ತಿರುಗುತ್ತಿತ್ತು, ಶಬ್ದವಿರಲಿಲ್ಲ. ಆದರೂ ನೇರವಾಗಿ ಅದರ ಮೇಲೆ ಕೈ ಹಾಕಲಿಲ್ಲ. 2 ಟೆರಾಬೈಟಿನ ಹೊಸ ಡಿಸ್ಕ್ ತಂದು, ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಹಳೆಯದರ ಪಡಿಯಚ್ಚನ್ನು ಒಂದು ದೊಡ್ಡ ಫೈಲಾಗಿ ಅದರಲ್ಲಿ ತೆಗೆದುಕೊಂಡೆವು. ಮಾಮೂಲಿ ನಕಲು ಓದಲಾಗದ ಜಾಗ ಸಿಕ್ಕಿದಲ್ಲೇ ನಿಂತುಬಿಡುತ್ತದೆ. ಇದು ಹಾಗಲ್ಲ. ಚೆನ್ನಾಗಿರುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಓದಿತೆಂದು ಒಂದು ಮ್ಯಾಪ್ ಫೈಲಿನಲ್ಲಿ ಗುರುತು ಮಾಡಿಕೊಳ್ಳುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಬಹುದು. ಒಂದು ಎಚ್ಚರ: ಯಾವುದರಿಂದ ಯಾವುದಕ್ಕೆ ಎಂಬುದನ್ನು ತಿರುವುಮುರುವು ಬರೆದರೆ ಅಜ್ಜಿಯ ಹಾಡಿನ ಮೇಲೆ ಖಾಲಿ ಡಿಸ್ಕ್ ಬರೆದಂತಾಗುತ್ತದೆ! ಇಬ್ಬರೂ ಕೂತು, ಡಿಸ್ಕಿನ ಗಾತ್ರ, ಸೀರಿಯಲ್ ನಂಬರ್ ಎರಡೆರಡು ಸಲ ಓದಿ ಎಂಟರ್ ಒತ್ತಿದೆವು. ಆರೋಗ್ಯವಾಗಿರುವ 1 ಟೆರಾಬೈಟಿಗೆ, ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ, ಮೂರು ಗಂಟೆ ಸಾಕು. ನಮ್ಮದಕ್ಕೆ ಇಡೀ ರಾತ್ರಿ ಹಿಡಿಯಿತು.

ಇನ್ನು ಮುಂದಿನ ಪ್ರಯೋಗಗಳೆಲ್ಲ ಆ ಪಡಿಯಚ್ಚಿನ ಮೇಲೆ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ಇನ್ನೊಂದು ಪ್ರತಿಯನ್ನು ವಿಭಾಗದ ಕಟ್ಟಕಡೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೇ ಬರೆದ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಆ ಪ್ರತಿಯನ್ನು ಹುಡುಕಿ ಮೊದಲ ಪುಟಕ್ಕೆ ತಂದು ಅಂಟಿಸಬಲ್ಲದು. ಅಂಟಿಸಿದ್ದೇ ತಡ, ಫೋಲ್ಡರುಗಳ ಪಟ್ಟಿ ಸಾಲಾಗಿ ಬಂತು. ನಾವು ಕನ್ನಡದಲ್ಲೇ ಕೊಟ್ಟಿದ್ದ ಹೆಸರುಗಳೂ ಹಾಗೇ ಉಳಿದಿದ್ದವು.

ಪರಿವಿಡಿಯೇ ಹೋಗಿದ್ದರೆ? ಆಗ ಅದೇ ಲೇಖಕರ ಫೋಟೋರೆಕ್ ಇದೆ. ಅದು ಹೆಸರು, ಫೋಲ್ಡರ್ ಏನನ್ನೂ ನೋಡುವುದಿಲ್ಲ. ಪ್ರತಿ ಬಗೆಯ ಫೈಲಿನ ಆರಂಭದ ಗುರುತನ್ನು ಹಿಡಿದು ಹುಡುಕುತ್ತದೆ. ಫೋಟೋಗಳು ಸಾಮಾನ್ಯವಾಗಿ ಚೆನ್ನಾಗಿ ಸಿಗುತ್ತವೆ, ಆದರೆ ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ಫೋಟೋದೊಳಗೆ ಕ್ಯಾಮೆರಾ ಬರೆದಿಟ್ಟ ದಿನಾಂಕದಿಂದ ವಿಂಗಡಿಸಿಕೊಳ್ಳಬೇಕು. ದೊಡ್ಡ ವಿಡಿಯೋಗಳು ಡಿಸ್ಕಿನಲ್ಲಿ ತುಂಡುತುಂಡಾಗಿ ಕೂತಿದ್ದರೆ ಪೂರ್ತಿ ಸಿಗುವುದು ಕಷ್ಟ. ಸಿಕ್ಕಿದ್ದನ್ನು ಯಾವ ಕಾರಣಕ್ಕೂ ಅದೇ ಹಳೆಯ ಡಿಸ್ಕಿಗೆ ಉಳಿಸಬೇಡಿ.

ಎಸ್‌ಎಸ್‌ಡಿ ಡ್ರೈವುಗಳಲ್ಲಿ ಇಷ್ಟು ಅವಕಾಶವಿಲ್ಲ. ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಬೇಗನೆ ನಿಜವಾಗಿಯೂ ಖಾಲಿ ಮಾಡಿಬಿಡುತ್ತದೆ. ಇನ್ನು, ಗೋಡೆಗೆ ಸಿಕ್ಕಿಸುವ ದೊಡ್ಡ ಡ್ರೈವುಗಳಿಗೆ ಸಾಮಾನ್ಯವಾಗಿ 12 ವೋಲ್ಟಿನ ಅಡಾಪ್ಟರ್ ಇರುತ್ತದೆ, ಲ್ಯಾಪ್‌ಟಾಪಿನದು ಹೆಚ್ಚಾಗಿ 19 ವೋಲ್ಟ್. ಪಿನ್ ಹೊಂದುತ್ತದೆಂದು ಊರಿನಲ್ಲಿ ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ.

ಬೆಳಿಗ್ಗೆ ನೋಡಿದಾಗ ಓದಲಾಗದೆ ಉಳಿದದ್ದು ಕೆಲವೇ ಮೆಗಾಬೈಟ್. ಡಿಸ್ಕಿಗೆ ವಯಸ್ಸೂ ಆಗಿತ್ತಲ್ಲ. ಆ ಕೆಟ್ಟ ಜಾಗ ಬಿದ್ದದ್ದು ಅಜ್ಜಿಯ ಎರಡನೇ ಹಾಡಿನ ನಡುವೆ. ಚಿತ್ರ ಚೌಕಚೌಕವಾಗಿ ಒಡೆದು ಒಂದು ಕ್ಷಣ ನಿಲ್ಲುತ್ತದೆ, ದನಿ ಒಂದು ಪದ ನುಂಗಿ ಮುಂದಕ್ಕೆ ಹೋಗುತ್ತದೆ. ನುಂಗಿದ ಪದ ಯಾವುದೆಂದು ಊರಿನ ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿದೆವು. ಅವರು ಇಡೀ ಹಾಡನ್ನೇ ಹಾಡಿದರು. ಅದನ್ನೂ ರೆಕಾರ್ಡ್ ಮಾಡಿಕೊಂಡೆವು. ಈಗ ಎಲ್ಲದರ ಒಂದು ಪ್ರತಿ ಇಲ್ಲಿ ನಮ್ಮ ಮನೆಯಲ್ಲಿ, ಒಂದು ಕ್ಲೌಡಿನಲ್ಲಿ, ಇನ್ನೊಂದು ಚಿಕ್ಕಮ್ಮನ ಮನೆಯ ಬೀರುವಿನಲ್ಲಿದೆ.

ಬರುವ ಯುಗಾದಿ ಕಾರ್ಯಕ್ರಮದ ದಿನ ಊಟದ ಹಾಲಿನ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇವೆ. ಓದಲಾಗದ ಡಿಸ್ಕ್ ಇದ್ದರೆ, ಜೊತೆಗೆ ಅದಕ್ಕಿಂತ ದೊಡ್ಡದೊಂದು ಖಾಲಿ ಡಿಸ್ಕನ್ನೂ ತನ್ನಿ. ಟಿಕ್ ಟಿಕ್ ಎನ್ನುವುದನ್ನು ಮಾತ್ರ ಮನೆಯಲ್ಲೇ ಮಲಗಲು ಬಿಟ್ಟು ಬನ್ನಿ.