ಮಂತ್ರಾಲಯದ ಬಲೆಗೆ ಹಾರಿದ ಡೆಪ್ಯುಟಿ ಸ್ಪೀಕರ್: ದಿಂಡೋರಿಯ ನರಹರಿ ಝಿರವಾಳ್

ಪುಣೆ, ಮುಂಬೈ ಕಡೆ ಕೆಲಸ ಮಾಡೋ ನಮ್ಮವರಿಗೆ ನಾಸಿಕ್ ಅಂದ್ರೆ ವೀಕೆಂಡ್ ಟ್ರಿಪ್, ತ್ರ್ಯಂಬಕೇಶ್ವರ, ದ್ರಾಕ್ಷಿ ತೋಟ. ಆ ತೋಟಗಳು ಬಹಳಷ್ಟು ಇರೋದು ದಿಂಡೋರಿ ತಾಲ್ಲೂಕಿನಲ್ಲಿ. ಈ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಇವತ್ತಿನ ಮಾತು ಅಲ್ಲಿನ ಶಾಸಕ ನರಹರಿ ಝಿರವಾಳ್ ಬಗ್ಗೆ.

2024ರ ಅಕ್ಟೋಬರ್ 4ರಂದು ಇವರು ಮುಂಬೈನ ಮಂತ್ರಾಲಯದ ಮೂರನೇ ಮಹಡಿಯಿಂದ ಕೆಳಗೆ ಹಾರಿದರು. ರಾಯರ ಮಂತ್ರಾಲಯ ಅಲ್ಲ, ಇದು ಮಹಾರಾಷ್ಟ್ರದ ಸೆಕ್ರೆಟರಿಯೇಟ್. ಕೆಳಗೆ ಬಲೆ ಇತ್ತು, ಬಚಾವಾದರು. ಆತ್ಮಹತ್ಯೆ ಪ್ರಯತ್ನಗಳು ಹೆಚ್ಚಾದ ಮೇಲೆ 2018ರಲ್ಲಿ ಸರ್ಕಾರವೇ ಕಟ್ಟಿಸಿದ್ದ ಬಲೆ ಅದು. ಆಗ ಅವರು ವಿಧಾನಸಭೆಯ ಡೆಪ್ಯುಟಿ ಸ್ಪೀಕರ್. ಅವರ ಪಕ್ಷ ಸರ್ಕಾರದಲ್ಲೇ ಇತ್ತು. ಹಾಗಾದ್ರೆ ಹಾರಿದ್ದು ಯಾಕೆ? ಸ್ವಲ್ಪ ಹಿಂದೆ ಹೋಗೋಣ.

ಕೆಲವೇ ಮತಗಳ ಸೋಲು

ಝಿರವಾಳ್ 2004ರಲ್ಲಿ ಎನ್‌ಸಿಪಿಯಿಂದ ಮೊದಲ ಸಲ ಗೆದ್ದರು. 2009ರಲ್ಲಿ ಶಿವಸೇನೆಯ ಧನರಾಜ್ ಮಹಾಲೆ ಎದುರು ಇನ್ನೂರಕ್ಕೂ ಕಡಿಮೆ ಮತಗಳಿಂದ ಸೋತರು. ಒಂದೆರಡು ಬೂತ್ ಆಚೀಚೆ ಆಗಿದ್ರೆ ಫಲಿತಾಂಶವೇ ಬೇರೆ! 2014ರಲ್ಲಿ ಮತ್ತೆ ಗೆದ್ದರು, 2019ರಲ್ಲಿ ಸುಮಾರು 60 ಸಾವಿರ ಮತಗಳ ಅಂತರ. 2020ರ ಮಾರ್ಚ್‌ನಲ್ಲಿ ಅವಿರೋಧವಾಗಿ ಡೆಪ್ಯುಟಿ ಸ್ಪೀಕರ್ ಆದರು.

ಡೆಪ್ಯುಟಿ ಸ್ಪೀಕರ್ ಹುದ್ದೆ ನಮ್ಮ ಬ್ಯಾಕಪ್ ಸರ್ವರ್ ಇದ್ದ ಹಾಗೆ. ಮೇನ್ ಸರ್ವರ್ ನಡೀತಿರೋವರೆಗೂ ಯಾರೂ ಕೇಳಲ್ಲ. 2021ರ ಫೆಬ್ರುವರಿಯಲ್ಲಿ ಸ್ಪೀಕರ್ ನಾನಾ ಪಟೋಲೆ ರಾಜೀನಾಮೆ ಕೊಟ್ಟರು. ಒಂದು ವರ್ಷ ದಾಟಿದರೂ ಆ ಜಾಗ ತುಂಬಲಿಲ್ಲ. ಸಂವಿಧಾನದ 180ನೇ ವಿಧಿ ಪ್ರಕಾರ ಸ್ಪೀಕರ್ ಕೆಲಸವೆಲ್ಲ ಝಿರವಾಳ್ ಹೆಗಲಿಗೆ ಬಂತು.

2022ರ ಜೂನ್: ಡೆಡ್‌ಲಾಕ್

ಆಗಲೇ ಏಕನಾಥ ಶಿಂಧೆ ಶಾಸಕರನ್ನು ಕರ್ಕೊಂಡು ಸೂರತ್‌ಗೆ, ಅಲ್ಲಿಂದ ಗುವಾಹಟಿಗೆ ಹೋದರು. ಪಕ್ಷಾಂತರ ಮಾಡಿದ ಶಾಸಕ ಅನರ್ಹನೋ ಅಲ್ಲವೋ ಅಂತ ತೀರ್ಮಾನಿಸೋದು ಸ್ಪೀಕರ್. ಹತ್ತನೇ ಅನುಸೂಚಿ ಹೇಳೋದು ಅದನ್ನೇ. ಝಿರವಾಳ್ 16 ಶಾಸಕರಿಗೆ ನೋಟಿಸ್ ಕೊಟ್ಟರು.

ಆದರೆ ಅಷ್ಟರಲ್ಲೇ ಝಿರವಾಳರನ್ನೇ ಕೆಳಗಿಳಿಸಬೇಕು ಅನ್ನೋ ನೋಟಿಸ್ ಆ ಕಡೆಯಿಂದ ಬಂದಿತ್ತು. 2016ರ ನಬಮ್ ರೆಬಿಯಾ ತೀರ್ಪಿನ ಪ್ರಕಾರ, ತನ್ನ ಮೇಲೇ ಪದಚ್ಯುತಿ ನೋಟಿಸ್ ಬಾಕಿ ಇರೋ ಸ್ಪೀಕರ್ ಬೇರೆಯವರ ಅನರ್ಹತೆ ತೀರ್ಮಾನಿಸುವ ಹಾಗಿಲ್ಲ. ನೋಡಿ, ಇದು ಪಕ್ಕಾ ಡೆಡ್‌ಲಾಕ್. ಅಂಪೈರ್ ಔಟ್ ಕೊಡೋ ಮೊದಲೇ ಅಂಪೈರ್ ಮೇಲೆ ದೂರು ಕೊಟ್ಟುಬಿಟ್ಟರೆ ಬ್ಯಾಟ್ಸ್‌ಮನ್ ಆಡ್ತಾನೇ ಇರಬಹುದು.

ಉತ್ತರ ಕೊಡೋಕೆ ಸುಪ್ರೀಂ ಕೋರ್ಟ್ ಶಾಸಕರಿಗೆ ಜುಲೈ 12ರವರೆಗೆ ಸಮಯ ಕೊಟ್ಟಿತು. ಜೂನ್ 29ಕ್ಕೆ ಉದ್ಧವ್ ಠಾಕ್ರೆ ರಾಜೀನಾಮೆ, ಮರುದಿನ ಶಿಂಧೆ ಮುಖ್ಯಮಂತ್ರಿ. ಜುಲೈ 3ಕ್ಕೆ ರಾಹುಲ್ ನಾರ್ವೇಕರ್ ಹೊಸ ಸ್ಪೀಕರ್. ಫೈಲ್ ಝಿರವಾಳ್ ಕೈ ತಪ್ಪಿತು. 2023ರ ಮೇ 11ರಂದು ಐವರು ನ್ಯಾಯಮೂರ್ತಿಗಳ ಪೀಠ ನಬಮ್ ರೆಬಿಯಾ ಪ್ರಶ್ನೆಯನ್ನು ಇನ್ನೂ ದೊಡ್ಡ ಪೀಠಕ್ಕೆ ಕಳಿಸಿತು, ಅನರ್ಹತೆಯ ತೀರ್ಮಾನವನ್ನು ಸ್ಪೀಕರ್‌ಗೇ ಬಿಟ್ಟಿತು. 2024ರ ಜನವರಿ 10ಕ್ಕೆ ನಾರ್ವೇಕರ್ ತೀರ್ಪು ಬಂತು: ಯಾರೂ ಅನರ್ಹರಲ್ಲ.

ನಮ್ಮಲ್ಲಿ 2019ರಲ್ಲಿ ಏನಾಯ್ತು ನೆನಪಿಸಿಕೊಳ್ಳಿ. ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಚುನಾವಣೆಗೆ ನಿಲ್ಲೋಕೆ ಇದ್ದ ಅಡ್ಡಿಯನ್ನು ತೆಗೆಯಿತು. ಹಲವರು ಉಪಚುನಾವಣೆ ಗೆದ್ದು ಮಂತ್ರಿಗಳೂ ಆದರು. ಅಲ್ಲಿ ಸಮಯಕ್ಕೆ ತೀರ್ಪೇ ಸಿಗಲಿಲ್ಲ, ಇಲ್ಲಿ ತೀರ್ಪು ಬರೋ ಹೊತ್ತಿಗೆ ಸರ್ಕಾರವೇ ಬಿದ್ದುಹೋಗಿತ್ತು.

2023ರ ಜುಲೈನಲ್ಲಿ ಎನ್‌ಸಿಪಿಯೇ ಒಡೆಯಿತು. ಶಿಂಧೆ ಬಣಕ್ಕೆ ನೋಟಿಸ್ ಕೊಟ್ಟಿದ್ದ ಝಿರವಾಳ್ ಈಗ ಅಜಿತ್ ಪವಾರ್ ಜೊತೆ ಅದೇ ಶಿಂಧೆ ಸರ್ಕಾರದ ಕಡೆಗೆ ಬಂದರು. ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳೋಕೆ ಆಗಲ್ಲ.

ಹಾಗಾದ್ರೆ ಹಾರಿದ್ದು ಯಾಕೆ?

ಕಾರಣ ಎರಡು. ಒಂದು, ಧನಗರ ಸಮುದಾಯವನ್ನು ಎಸ್‌ಟಿ ಪಟ್ಟಿಗೆ ಸೇರಿಸಬಾರದು. ಧನಗರರು ಅಂದ್ರೆ ನಮ್ಮ ಕುರುಬರ ಹಾಗೆ ಕುರಿ ಕಾಯೋ ಸಮುದಾಯ. ಅವರಿಗೆ ಈಗ ಅಲೆಮಾರಿ ವರ್ಗದಲ್ಲಿ 3.5% ಮೀಸಲಾತಿ ಇದೆ. ಎಸ್‌ಟಿ ಪಟ್ಟಿಯಲ್ಲಿರೋ ಹೆಸರು 'ಧನಗಡ', ಅದು ನಾವೇ, ಒಂದು ಅಕ್ಷರದ ತಪ್ಪಷ್ಟೇ ಅನ್ನೋದು ಅವರ ವಾದ. ಬಾಂಬೆ ಹೈಕೋರ್ಟ್ 2024ರ ಫೆಬ್ರುವರಿಯಲ್ಲಿ ಅದನ್ನು ಒಪ್ಪಲಿಲ್ಲ. ಎರಡು, ಪೆಸಾ ಕಾಯ್ದೆಯ ಆದಿವಾಸಿ ಪ್ರದೇಶಗಳಲ್ಲಿ ನಿಂತುಹೋಗಿದ್ದ ನೇಮಕಾತಿ ಶುರುವಾಗಬೇಕು.

ಕುರುಬರ ಎಸ್‌ಟಿ ಬೇಡಿಕೆ, 2021ರ ಕಾಗಿನೆಲೆ ಪಾದಯಾತ್ರೆ ಗೊತ್ತಿರೋರಿಗೆ ಇದು ಹೊಸದಲ್ಲ. ಕೇಳೋರಿಗೂ ನೋವಿದೆ, ಪಟ್ಟಿಯೊಳಗೆ ಇರೋರಿಗೂ ತಟ್ಟೆ ಹಂಚಿಹೋಗುತ್ತೆ ಅನ್ನೋ ಭಯ ಇದೆ. ತಟ್ಟೆ ಮಾತ್ರ ಅಷ್ಟೇ ಇದೆ.

ನವೆಂಬರ್‌ನಲ್ಲಿ ದಿಂಡೋರಿ ಜನ ಅವರನ್ನು ಮತ್ತೆ ಗೆಲ್ಲಿಸಿದರು, ಡಿಸೆಂಬರ್‌ನಲ್ಲಿ ಅವರು ಆಹಾರ ಮತ್ತು ಔಷಧ ಆಡಳಿತ ಸಚಿವರಾದರು. ಚುನಾವಣೆ ಹತ್ತಿರ ಇತ್ತು, ಅದಕ್ಕೇ ನಾಟಕ ಅಂದವರೂ ಇದ್ದಾರೆ. ಇರಬಹುದು. ಆದರೆ ನನಗೆ ಕಾಡೋದು ಬೇರೆ. ಸ್ಪೀಕರ್ ಕುರ್ಚಿಯ ಅಧಿಕಾರ ಚಲಾಯಿಸಿದ ಮನುಷ್ಯನಿಗೂ ತನ್ನವರ ಮಾತು ಸರ್ಕಾರಕ್ಕೆ ಮುಟ್ಟಿಸೋಕೆ ಬಲೆಗೆ ಹಾರಬೇಕು ಅನ್ನಿಸಿದ್ರೆ, ಹಳ್ಳಿಯಿಂದ ಅರ್ಜಿ ಹಿಡ್ಕೊಂಡು ಬರೋರ ಕಥೆ ಏನು? ನಿಮಗೇನನ್ನಿಸುತ್ತೆ, ಹೇಳಿ.